ಶಾರ್ಟ್‌ಹ್ಯಾಂಡ್

ಮಸ್ಕತ್ತಿನ ಗೆಳೆಯರೇ, ಹೊರಗೆ ಬೆಂಕಿಯಂಥ ಬಿಸಿಲಿರುವಾಗ ನಾನೂ ಅತ್ತೆಯೂ ಇವತ್ತು ಸ್ವೆಟರ್ ತೊಟ್ಟು, ಒಳಾಂಗಣದ ಮಂಜುಗಡ್ಡೆ ಅಂಕಣದ ಪಕ್ಕ ನಡುಗುತ್ತಾ ಮಗಳ ಐಸ್ ಹಾಕಿ ಪಂದ್ಯ ನೋಡಿದೆವು. ಅತ್ತೆ ತೊಟ್ಟಿದ್ದು ನನ್ನ ಗಂಡನ ಸ್ವೆಟರ್. ಅವರು ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ.

ಮಗಳ ತಂಡದ ಹುಡುಗಿಯೊಬ್ಬಳು ಎದುರಾಳಿಯ ಕಾಲಿಗೆ ಕೋಲು ಅಡ್ಡ ಹಿಡಿದಳು. ರೆಫರಿ ಅವಳನ್ನು ಪೆನಾಲ್ಟಿ ಬಾಕ್ಸ್ ಎಂಬ ಗಾಜಿನ ಗೂಡಿಗೆ ಕಳಿಸಿದರು. ನಮ್ಮೆದುರಿನ ಬೆಂಚಿನಲ್ಲಿ ಸರದಿ ಕಾಯುತ್ತಿದ್ದ ಮಗಳು ತಿರುಗಿ, "ಅಯ್ಯೋ ಅಮ್ಮಾ, ವೀ ಆರ್ ಶಾರ್ಟ್‌ಹ್ಯಾಂಡೆಡ್!" ಎಂದಳು.

ಅತ್ತೆಯ ಮುಖ ಅರಳಿತು. "ಶಾರ್ಟ್‌ಹ್ಯಾಂಡಾ? ನಿನ್ನ ಅಪ್ಪ ಉಡುಪಿಯಲ್ಲಿ ಕಲಿತದ್ದು ಅದೇ ಅಲ್ವಾ ಮಗಾ! ಅದು ಗೊತ್ತಿತ್ತು ಅಂತಲೇ ಅವನಿಗೆ ಇಲ್ಲಿ ಆಫೀಸಲ್ಲಿ ಕೆಲಸ ಸಿಕ್ಕಿದ್ದು."

"ನೋ ಅಜ್ಜಿ, ಅದಲ್ಲ. ನಮ್ಮಲ್ಲಿ ಒಬ್ರು ಕಡಿಮೆ ಅಂತ ಅರ್ಥ. ಉಳಿದವ್ರೇ ಆಡ್ಬೇಕು."

ಅತ್ತೆ ಗಾಜಿನ ಗೂಡಿನತ್ತ ನೋಡಿದರು. ಆಮೇಲೆ ಕೇಳಿದರು, "ಹೋದವಳು ಮತ್ತೆ ಬರುದಿಲ್ವಾ?"

"ಬರ್ತಾಳೆ ಅಜ್ಜಿ. ಜಸ್ಟ್ ಟೂ ಮಿನಿಟ್ಸ್."

"ಒಳ್ಳೆ ಆಟ ಮಾರಾಯ್ತಿ," ಎಂದು ಅತ್ತೆ ನನ್ನ ಕಡೆ ನೋಡದೆಯೇ ನನಗೆ ಹೇಳಿದರು.

ಗೂಡಿನ ಬಾಗಿಲು ತೆರೆಯಿತು. ಹುಡುಗಿ ಜಾರುತ್ತಾ ವಾಪಸು ಬಂದಳು, ಎಲ್ಲರೂ ಚಪ್ಪಾಳೆ ತಟ್ಟಿದರು. ಕೊನೆಗೆ ಗೆದ್ದದ್ದು ಯಾರೆಂದು ಮಾತ್ರ ಕೇಳಬೇಡಿ. ನಾವಿಬ್ಬರೂ ಆ ಬಾಗಿಲನ್ನೇ ನೋಡುತ್ತಾ ಕೂತಿದ್ದೆವು.

ಮನೆಯಲ್ಲಿ ಶಾರ್ಟ್‌ಹ್ಯಾಂಡ್ ಗೊತ್ತಿದ್ದದ್ದು ನನ್ನ ಗಂಡನಿಗೆ ಮಾತ್ರ. ಈಗ ನಾವು ಮೂವರೂ ಕಲಿಯುತ್ತಿದ್ದೇವೆ.