ಗೇರುಹೂವು ಮತ್ತು ಪಾಯಿಂಟ್ ಗಾರ್ಡ್

ಹೂ ಬಿಟ್ಟ ಗೇರುಹಾಡಿಯಲ್ಲಿ ಮರಗಳ ನಡುವೆ ಒಂದು ಸುತ್ತು ಹಾಕಿದರೆ ಸಾಕು, ಬೇಸಿಗೆಗೆ ಎಷ್ಟು ಬೀಜ ಬಿದ್ದೀತು ಎಂದು ಹೇಳಬಲ್ಲೆ ಎಂಬುದು ನನ್ನ ಜಂಬ. ಬೈಂದೂರಿನಿಂದ ಬ್ರಹ್ಮಾವರದವರೆಗೆ ಹಾಡಿಗಳನ್ನು ಹೂವಿನಲ್ಲೇ ಗುತ್ತಿಗೆ ಹಿಡಿದು ಮೇಲೆ ಬಂದವನು ನಾನು. ಅದಕ್ಕೇ ಇರಬೇಕು, ಎಮ್ಮೆ ಕೊಳ್ಳುವಾಗ, ಹಳೆಯ ಸ್ಕೂಟರ್ ಕೊಳ್ಳುವಾಗ, ಅಳಿಯನನ್ನು ಹುಡುಕುವಾಗ ಊರಿನವರಿಗೆಲ್ಲ ನಾನೇ ಬೇಕು. ಕರೆಯದಿದ್ದರೂ ಹೋಗುತ್ತೇನೆ, ಅದು ಬೇರೆ ಮಾತು.

ಹಾಗೆಯೇ ನಾವುಂದದಲ್ಲಿರುವ ತಂಗಿ ಒಂದು ದಿನ ಪಿಯುಸಿ ಓದುತ್ತಿದ್ದ ಮಗ ಶಶಿಯನ್ನು ನನ್ನೆದುರು ತಂದು ನಿಲ್ಲಿಸಿದಳು.

"ಅಣ್ಣಯ್ಯ, ಇಂವ ಬಾಸ್ಕೆಟ್‌ಬಾಲ್ ಅಂದೇಳಿ ಕುಣಿತಾ ಇದ್ದ. ಮುಂದ್ ಬತ್ನಾ, ಇಲ್ದಿರೆ ಬೊಂಬಾಯಿ ಹೋಟ್ಲಿಗೆ ಕಳ್ಸುದಾ? ನೀನೇ ಕಂಡ್ ಹೇಳ್."

ಕಾಲೇಜಿನ ಅಂಗಳಕ್ಕೆ ಹೋಗಿ ಕಂಡೆ. ಐವರಲ್ಲಿ ಕುಳ್ಳ ನಮ್ಮವನೇ. ಚೆಂಡು ಬಡಿಯುತ್ತ ಮುಂದೆ ತಂದು, ಯಾರ ಕೈಗೆ ಕೊಡಬೇಕೆಂದು ತೀರ್ಮಾನಿಸುವವನು. ಅದಕ್ಕೆ ಪಾಯಿಂಟ್ ಗಾರ್ಡ್ ಎನ್ನುತ್ತಾರಂತೆ. ಮದುವೆ ಊಟದಲ್ಲಿ ಯಾರ ಎಲೆಗೆ ಏನು ಬೇಕೆಂದು ನೋಡುತ್ತ ನಿಲ್ಲುವ ಯಜಮಾನನ ಹಾಗೆ. ತಾನು ಉಣ್ಣುವುದು ಕಡೆಗೆ. ಶಶಿ ಒಂದು ಕಡೆ ನೋಡುತ್ತ ಇನ್ನೊಂದು ಕಡೆ ಎಸೆದ ಚೆಂಡು ಖಾಲಿ ಜಾಗಕ್ಕೆ ಹೋಯಿತು. ಥತ್ ಎನ್ನುವಷ್ಟರಲ್ಲಿ ಗೆಳೆಯನೊಬ್ಬ ಅಲ್ಲಿಗೆ ಓಡಿ ಬಂದಿದ್ದ! ನನಗೆ ಮೈ ಜುಂ ಎಂದಿತು.

"ಬೊಂಬಾಯಿ ಬ್ಯಾಡ ಹೆಣೆ, ಇದ್ ಪಸ್ಟ್‌ಕ್ಲಾಸ್ ಹಾಡಿ!" ಎಂದು ತಂಗಿಗೆ ತೀರ್ಪು ಕೊಟ್ಟೆ.

ತೀರ್ಪು ತಪ್ಪಿರಲಿಲ್ಲ. ಸಂಕಟ ಇರುವುದೇ ಅಲ್ಲಿ.

ವರ್ಷ ಕಳೆಯುವುದರೊಳಗೆ ಅವನ ಜೊತೆ ಆಡುತ್ತಿದ್ದ ಗೆಳೆಯರಲ್ಲಿ ಒಬ್ಬ ಬೊಂಬಾಯಿ ಬಸ್ಸು ಹತ್ತಿದ, ಒಬ್ಬ ಉಪ್ಪುಂದದಲ್ಲಿ ಅಪ್ಪನ ದೋಣಿ ಏರಿದ, ಉಳಿದಿಬ್ಬರನ್ನು ಕ್ರಿಕೆಟ್ಟು ನುಂಗಿತು. ಜಿಲ್ಲಾ ತಂಡದ ಆಯ್ಕೆಯ ದಿನ ಶಶಿಯ ಜೊತೆಗೆ ಕಂಡರಿಯದ ನಾಲ್ವರನ್ನು ಹಾಕಿದರು. ತಾವು ಆರಿಸಿ ಬರಬೇಕೆಂದು ಅವರೆಲ್ಲ ಬುಟ್ಟಿಯನ್ನೇ ನೋಡುತ್ತಿದ್ದರು. ಶಶಿಯ ಚೆಂಡು ಖಾಲಿ ಜಾಗಕ್ಕೆ ಹೋಗಿ, ಖಾಲಿ ಜಾಗದಲ್ಲೇ ಪುಟಿದು, ಗೆರೆ ದಾಟಿತು. ಮತ್ತೆ ಮತ್ತೆ ದಾಟಿತು.

"ಹ್ವಾಯ್, ನೀನೇ ಬುಟ್ಟಿಗೆ ಹಾಕ್ ಮಗಾ!" ಎಂದು ಬೊಬ್ಬೆ ಹೊಡೆದೆ. ಸಲಹೆ ಕೊಡದೆ ಕೂತರೆ ನನಗೆ ಅಜೀರ್ಣ. ಅವನು ಹಾಕಲಿಲ್ಲ. ಅವನ ಹೆಸರನ್ನು ಆಯ್ಕೆ ಮಾಡುವವರು ಕರೆಯಲಿಲ್ಲ. ಹುಡುಗನಿಗೆ ಗುರಿಯಿಲ್ಲ ಎಂದರಂತೆ.

ಗೇರಿನ ವಿಷಯದಲ್ಲಾದರೆ ನನಗೆ ಗೊತ್ತಿತ್ತಲ್ಲ. ಹೂವು ಎಷ್ಟೇ ಚಂದ ಇರಲಿ, ಆ ಹೊತ್ತಿಗೆ ಮೋಡ ಕಟ್ಟಿ ನಿಂತರೆ ಗೊಂಚಲಿಗೆ ಗೊಂಚಲೇ ಕರಟಿ ಕಪ್ಪಾಗುತ್ತದೆ. ಮರದ ತಪ್ಪೇನೂ ಇರುವುದಿಲ್ಲ. ಓಟಗಾರನಾಗಿದ್ದರೆ ಒಬ್ಬನೇ ಓಡಿ ತೋರಿಸುತ್ತಿದ್ದ. ಕೊಡುವುದೇ ಕಸುಬಾದವನು ಒಬ್ಬನೇ ನಿಂತು ಏನು ತೋರಿಸಿಯಾನು? ಹುಡುಗನನ್ನು ತಿರುಗಿಸಿ ಮುರುಗಿಸಿ ನೋಡಿದ್ದೆ, ಅವನ ಸುತ್ತ ಯಾರಿದ್ದಾರೆ, ಎಷ್ಟು ದಿನ ಇರುತ್ತಾರೆ ಎಂದು ನೋಡುವ ಬುದ್ಧಿ ಹುಟ್ಟಲಿಲ್ಲ. ಹುಟ್ಟಿದ್ದರೂ ಬೊಂಬಾಯಿ ಬಸ್ಸನ್ನು ನಾನು ತಡೆಯುತ್ತಿದ್ದೆನೇ?

ಆ ಬಸ್ಸನ್ನು ಕಡೆಗೆ ಶಶಿಯೂ ಹತ್ತಿದ. ಹೊರಡುವ ಹಿಂದಿನ ಸಂಜೆ ಆಡಲು ಬೇರೆ ಯಾರೂ ಸಿಗದೆ ನನ್ನನ್ನೇ ಅಂಗಳಕ್ಕೆ ಕರೆದ. ಪಂಚೆ ಎತ್ತಿ ಕಟ್ಟಿ ನಾಲ್ಕು ಹೆಜ್ಜೆ ಓಡಿ ಏದುಸಿರು ಬಿಡುತ್ತ ನಿಂತೆ. ಚೆಂಡು ನನ್ನ ಮುಂದೆಯೇ ಹಾದು ಪಾಗಾರದ ಗೋಡೆಗೆ ಬಡಿಯಿತು.

"ಎಂತಕ್ ನಿತ್ಕಂಡ್ರಿ ಮಾವ? ನೀವ್ ಇದ್ದಲ್ಲಿಗಲ್ಲ, ಓಡಿ ಬಪ್ಪಲ್ಲಿಗೆ ಹಾಕುದ್ ನಾನ್."

ಚೆಂಡು ಹೆಕ್ಕಿ ತರಲು ಹೋದೆ. ಇಷ್ಟು ವರ್ಷ ಊರಿಗೆಲ್ಲ ಸಲಹೆ ಕೊಟ್ಟುಕೊಂಡು ಬಂದವನಿಗೆ, ಇನ್ನೊಬ್ಬರು ಕೊಟ್ಟದ್ದನ್ನು ಹಿಡಿಯಲು ಬರುವುದಿಲ್ಲ ಎಂಬುದು ತಿಳಿದದ್ದು ಅಂದೇ.