ಎದುರುಮನೆ ಅಂಕಲ್ ಮತ್ತು ಅಗಲ ಚಕ್ರದ ಇಂಜಿನ್

ಮೊನ್ನೆ ಟ್ರಾಯ್ ಊರಿನ ನಮ್ಮ ಬೀದಿಯಲ್ಲೇ ಒಂದು ಗರಾಜ್ ಸೇಲ್, ಬೇಡದ ಮನೆಸಾಮಾನುಗಳ ಮಾರಾಟ. ಹಳೆಯ ಹೊಲಿಗೆ ಯಂತ್ರವೊಂದನ್ನು ಬಗ್ಗಿ ನೋಡಿದೆ. ಅದರ ಎಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ, ಎದುರುಮನೆ ಅಂಕಲ್‌ರ ಬೇಸ್‌ಮೆಂಟ್ ಕಣ್ಣ ಮುಂದೆ ಬಂದುಬಿಟ್ಟಿತು... ತಮ್ಮ ಆಟಿಕೆ ರೈಲು ಇಂಜಿನ್‌ಗಳಿಗೆ ಅವರು ಹಾಕುತ್ತಿದ್ದದ್ದೂ ಇದೇ ಎಣ್ಣೆ.

ಅವನ್ನು ಆಟಿಕೆ ಎಂದರೆ ಸಾಕು, ಅಂಕಲ್‌ಗೆ ಎಲ್ಲಿಲ್ಲದ ಸಿಟ್ಟು ಬರುತ್ತಿತ್ತು. ಎಲ್ಲವೂ ಚೀನಾದ ಒಂದೇ ಡೀಸೆಲ್ ಇಂಜಿನ್‌ನ ಮಾದರಿಗಳು. ಯಾರ್ಡಿನಲ್ಲಿ ವ್ಯಾಗನ್‌ಗಳನ್ನು ಎಳೆದು, ತಳ್ಳಿ, ಜೋಡಿಸುವ ಶಂಟಿಂಗ್ ಇಂಜಿನ್. ಮೊದಲನೆಯದು ಡಿಎಫ್ ಫೈವ್, ಆಮೇಲೆ ಅದರ ತಮ್ಮಂದಿರು ಬಿ, ಸಿ, ಡಿ. ನನಗೋ ಎಲ್ಲವೂ ಒಂದೇ ಥರ. ಅಂಕಲ್ ಮಾತ್ರ ಪಾರ್ಸೆಲ್ ಬಂದಾಗಲೆಲ್ಲ ಭೂತಗನ್ನಡಿ ಹಿಡಿದು ಕೂರುತ್ತಿದ್ದರು. ಬಿಗೆ ಬಣ್ಣ ಬಳಿದು ಡಿ ಎಂದು ಮಾರಿದ್ದಾರೇನೋ ಎಂಬ ಅನುಮಾನ! ನಮ್ಮ ಮನೆಗೆ ಹೊಸ ಕಾರು ಬಂದು ನಿಂತರೂ ಅವರ ಕಿಟಕಿಯ ಬ್ಲೈಂಡ್ಸ್ ಸರಿಯುತ್ತಿತ್ತು.

ಇಂಥವರ ಒಬ್ಬಳೇ ಮಗಳು, ಪಕ್ಕದೂರು ವಾರೆನ್‌ನಲ್ಲಿ ಕಾರ್ ಡಿಸೈನ್ ಮಾಡುವವಳು, ಚೀನಾದ ಹುಡುಗನನ್ನು ಮದುವೆಯಾಗುತ್ತೇನೆ ಎಂದಳು. ತಾಯಿ ಇಲ್ಲದ ಹುಡುಗಿ. ಅಪ್ಪನೇ ನಿಂತು ಧಾರೆ ಎರೆದುಕೊಡಬೇಕು ಎಂಬುದೊಂದೇ ಅವಳ ಆಸೆ. ಹುಡುಗ ಮನೆಗೆ ಬಂದ ದಿನ ನಾನೇ ಕೇಸರಿಬಾತ್ ಮಾಡಿಕೊಂಡು ಹೋಗಿದ್ದೆ. ಅವನ ಅಪ್ಪ ಓಡಿಸುತ್ತಿದ್ದದ್ದೂ ಡಿಎಫ್ ಫೈವ್ ಅಂತೆ, ಮೊದಲ ಮಾದರಿ, ರಷ್ಯಾ ಗಡಿಯ ಯಾರ್ಡಿನಲ್ಲಿ. ಅಲ್ಲಿ ರಷ್ಯಾದ ಹಾಗೆ ಹಳಿಗಳ ನಡುವಿನ ಅಂತರ ಅಗಲ, ಹಾಗಾಗಿ ಚಕ್ರಗಳನ್ನೂ ಅಷ್ಟೇ ಅಗಲಕ್ಕೆ ಕೂರಿಸಿದ್ದರಂತೆ. ಹುಡುಗ ಹೊರಟದ್ದೇ ತಡ, ಅಂಕಲ್ ನನ್ನತ್ತ ತಿರುಗಿ ಶುರುಮಾಡಿದರು.

“ಅಗಲದ ಹಳಿ ನಮ್ಮ ಇಂಡಿಯಾದ್ದು ಕಣಮ್ಮಾ! ನನ್ನ ಮೆಚ್ಚಿಸೋಕೆ ಗೂಗಲ್ ಮಾಡ್ಕೊಂಡು ಬಂದು ಕಥೆ ಕಟ್ತಿದಾನೆ. ಇಷ್ಟಕ್ಕೇ ಸುಳ್ಳು ಹೇಳೋನು ಮುಂದೆ ಇನ್ನೇನೇನು ಹೇಳ್ತಾನೋ!”

“ಯು ಡೋಂಟ್ ಟ್ರಸ್ಟ್ ಎನಿಬಡಿ, ಡ್ಯಾಡ್!” ಎಂದು ಮಗಳು ಅತ್ತಳು. ಮದುವೆಗೇ ಬರುವುದಿಲ್ಲ ಎಂದರು ಅಂಕಲ್. ಕೊನೆಗೆ ಧಾರೆಗೆ ನಾನೂ ನನ್ನ ಗಂಡನೂ ಕೂರುವುದೆಂದಾಯಿತು.

ಮುಹೂರ್ತಕ್ಕೆ ಸ್ವಲ್ಪ ಮೊದಲು ನೋಡಿದರೆ, ದೇವಸ್ಥಾನದ ಬಾಗಿಲಲ್ಲಿ ಅಂಕಲ್! ಪಂಚೆ, ಶಲ್ಯ, ಕಂಕುಳಲ್ಲಿ ಒಂದು ಶೂ ಬಾಕ್ಸ್. ನೆಟ್ಟಗೆ ಹುಡುಗನ ಅಪ್ಪನ ಹತ್ತಿರ ಹೋಗಿ, ಒಂದು ಇಂಜಿನ್ ತೆಗೆದು ಅವರ ಕೈಗಿಟ್ಟರು. ಮೊದಲ ಮಾದರಿಯ ಬದಲು ಡಿ ಮಾದರಿಗೆ ತಾವೇ ಅಗಲದ ಚಕ್ರ ಕೂರಿಸಿ ತಂದಿದ್ದರು ಎಂದು ನನಗೆ ಆಮೇಲೆ ಗೊತ್ತಾಯಿತು. ಬೀಗರೇನಾದರೂ ‘ಹೌದು, ನಾನು ಓಡಿಸಿದ್ದು ಇದೇ’ ಎಂದರೆ ಸುಳ್ಳು ಸಿಕ್ಕಿಬಿತ್ತು ಎಂಬ ಲೆಕ್ಕಾಚಾರ. ಮಗಳ ಮದುವೆಗೆ ಬಂದೂ ಬಲೆ ಬೀಸುವ ಮನುಷ್ಯ!

ಆ ಬೀಗರು ಇಂಜಿನನ್ನು ತಿರುಗಿಸಿ ನೋಡಿದರು. ಚಕ್ರವನ್ನು ಉಗುರಿನಿಂದ ಕೆರೆದರು. ಹುಬ್ಬು ಗಂಟಿಕ್ಕಿ ಅಂಕಲ್‌ರನ್ನೇ ದುರುಗುಟ್ಟಿ ನೋಡಿ, ಮಗನಿಗೆ ಏನೋ ಹೇಳಿದರು. ಹುಡುಗ ತಡವರಿಸುತ್ತ ಇಂಗ್ಲಿಷಿನಲ್ಲಿ ತಿಳಿಸಿದ. ಇದು ನಕಲಿಯಂತೆ, ಈ ಮೈಗೆ ಈ ಚಕ್ರ ಇದ್ದದ್ದನ್ನು ಅವರು ಕಂಡೇ ಇಲ್ಲವಂತೆ, ನಿಮಗೆ ಮೋಸ ಮಾಡಿದವರು ಯಾರು ಎಂದು ಕೇಳುತ್ತಿದ್ದಾರಂತೆ.

ಅಂಕಲ್ ಹೋ ಎಂದು ನಕ್ಕರು... ಅಂಥ ನಗು ಅವರೊಳಗಿತ್ತೆಂದು ಯಾರಿಗೆ ಗೊತ್ತಿತ್ತು!

“ನನಗೆ ತಕ್ಕ ಬೀಗ್ರು ಸಿಕ್ಕಿದ್ರು ಕಣಮ್ಮಾ,” ಎಂದವರೇ ಮಂಟಪಕ್ಕೆ ನಡೆದು ಮಗಳನ್ನು ಧಾರೆ ಎರೆದುಕೊಟ್ಟರು.

ಎದುರುಮನೆಯಲ್ಲಿ ಈಗ ಬೇರೆಯವರಿದ್ದಾರೆ. ಅಂಕಲ್ ಹೋದ ಚಳಿಗಾಲದಲ್ಲಿ ತೀರಿಕೊಂಡರು. ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ. ಆಸ್ಪತ್ರೆಯಲ್ಲಿ ನರ್ಸ್ ಯಾವ ಮಾತ್ರೆ ತಂದರೂ ಹೆಸರು ಓದಿಸಿ, ಯಾಕೆ ಏನು ಎಂದು ಕೆದಕಿ, ಆಮೇಲೂ ನಂಬದೆ ನನ್ನ ಮುಖ ನೋಡುತ್ತಿದ್ದರು. ಒಂದು ಸಂಜೆ ಅಳಿಯ ಮಾತ್ರೆ ಹಿಡಿದು ಬಂದ. ಅಂಕಲ್ ಏನೂ ಕೇಳದೆ ಬಾಯಿ ತೆರೆದರು... ಇವರು ಇನ್ನು ಉಳಿಯುವುದಿಲ್ಲವೇನೋ ಎಂಬ ಅನುಮಾನ ನನಗೆ ಹತ್ತಿದ್ದು ಆಗಲೇ.