ಬೆಕ್ಕು ಉಂಟಾ ಎಂದು ಕೇಳಿದಾಗ

ಏಳನೇ ತಿಂಗಳ ಸೀಮಂತ ಮುಗಿಸಿ ತಂಗಿ ಹೆರಿಗೆಗೆಂದು ಕಾಪುವಿನ ನಮ್ಮ ಮನೆಗೆ ಬಂದಳು. ಅಮ್ಮ ಇರಲಿಲ್ಲ, ಬಾಣಂತನದ ಹೊಣೆ ನನ್ನದು. ಕಾರ್ಕಳದ ಅವಳ ಅತ್ತೆ ಅವಳನ್ನು ಬಿಟ್ಟು ಹೊರಡುವಾಗ ನನಗೆ ಹೇಳಿದ್ದು ಒಂದೇ ಮಾತು: "ಹುಡುಗಿಯನ್ನು ಮೀನಿನ ಕೆಲಸಕ್ಕೆ ಇಳಿಸಬೇಡಿ." ನಾನು ನಾಲ್ಕನೇ ತರಗತಿಗೆ ಶಾಲೆ ಬಿಟ್ಟವಳು. ಮೀನು ಒಣಗಿಸುವುದೊಂದೇ ನನಗೆ ಗೊತ್ತಿದ್ದ ವಿದ್ಯೆ.

ಎಂಬತ್ತರ ದಶಕದ ಶುರು. ಆ ವರ್ಷ ಮಳೆಗೆ ಮೊದಲು ಬೂತಾಯಿ ಮೀನು ರಾಶಿ ಬಿತ್ತು. ಮೀನನ್ನು ಒಣಗಲು ಮರಳಿನ ಮೇಲೆ ಹರಡುವ ಮುಂಚೆ, ಬೆಕ್ಕುಗಳು ಅದರಲ್ಲಿ ಮುಚ್ಚಿಟ್ಟ ಹೇಲನ್ನು ಹೆಕ್ಕಿ ತೆಗೆಯಬೇಕು. ನನ್ನೊಬ್ಬಳಿಂದ ಆಗಲಿಲ್ಲ. "ಕೂತಲ್ಲೇ ಮಾಡುವ ಕೆಲಸ ಅಲ್ವಾ" ಎಂದು ತಂಗಿಯನ್ನು ಕೂರಿಸಿದೆ.

"ಅತ್ತೆ ಕಂಡರೆ ನಿನ್ನನ್ನೂ ಬೂತಾಯಿ ಜೊತೆ ಒಣಹಾಕುತ್ತಾರೆ ಅಕ್ಕ," ಎಂದು ನಕ್ಕಳು. ಅದೇ ಮರಳುಗೈಯಲ್ಲಿ ಉಪ್ಪು ಹಚ್ಚಿ ಮಾವಿನಕಾಯಿ ತಿಂದಳು. ಹೀಗೆ ಹತ್ತು ಹನ್ನೆರಡು ದಿನ.

ಆಮೇಲೆ ಅವಳಿಗೆ ಜ್ವರ ಬಂತು, ಕುತ್ತಿಗೆಯಲ್ಲಿ ಗಂಟುಗಳೆದ್ದವು. ಸುದ್ದಿ ತಿಳಿದು ಅತ್ತೆಯೂ ಬಂದರು. ಮೂವರೂ ಉಡುಪಿಯ ಡಾಕ್ಟರ ಬಳಿ ಹೋದೆವು. ಅವರು ಗಂಟು ಮುಟ್ಟಿ ನೋಡಿ ಕೇಳಿದರು: "ಮನೆಯಲ್ಲಿ ಬೆಕ್ಕು ಉಂಟಾ? ಇವರು ಮಣ್ಣು, ಮರಳು ಮುಟ್ಟುವ ಕೆಲಸ ಎಂತಾದರೂ ಮಾಡಿದ್ದಾರಾ?"

ಅತ್ತೆ ನನ್ನ ಮುಖ ನೋಡಿದರು.

"ಇಲ್ಲ ಡಾಕ್ಟ್ರೇ. ಒಳಗೇ ಕೂರಿಸಿದ್ದೇನೆ," ಎಂದೆ. ತಂಗಿ ತಲೆ ತಗ್ಗಿಸಿದಳು. ಡಾಕ್ಟರು ರಕ್ತಪರೀಕ್ಷೆಯ ಚೀಟಿಯನ್ನು ಬದಿಗಿಟ್ಟು ಜ್ವರದ ಮಾತ್ರೆ ಬರೆದರು.

ಗಂಡುಮಗು ಹುಟ್ಟಿತು. ನಾಲ್ಕು ತಿಂಗಳಾದರೂ ಅದು ದೀಪದ ಕಡೆ ನೋಡಲಿಲ್ಲ, ಕಣ್ಣುಗುಡ್ಡೆ ಸುಮ್ಮನೆ ಓಲಾಡುತ್ತಿತ್ತು. ಮಣಿಪಾಲಕ್ಕೆ ಕರೆದೊಯ್ದೆವು. ಕಣ್ಣಿನ ಹಿಂಭಾಗದಲ್ಲಿ ಕಲೆಗಳಿವೆ ಎಂದರು, ರಕ್ತ ತೆಗೆದರು. ಟಾಕ್ಸೋಪ್ಲಾಸ್ಮೋಸಿಸ್. ಬೆಕ್ಕಿನ ಹೇಲಿನ ಕ್ರಿಮಿ, ಬಸುರಿಯಿಂದ ಮಗುವಿಗೆ ದಾಟಿದ್ದು. ಒಂದು ವರ್ಷ ಎರಡು ಬಗೆಯ ಮಾತ್ರೆ, ಅವುಗಳಿಂದ ರಕ್ತ ಕೆಡದಂತೆ ಮೂರನೆಯದು, ಆಗಾಗ ರಕ್ತಪರೀಕ್ಷೆ.

"ಹೊಸ ಗಾಯ ಆಗದ ಹಾಗೆ ತಡೆಯಬಹುದು. ಆದ ಕಲೆ ಹೋಗುವುದಿಲ್ಲ," ಎಂದರು ಅಲ್ಲಿನ ಡಾಕ್ಟರು. "ಬಸುರಿನಲ್ಲೇ ಗೊತ್ತಾಗಿದ್ದರೆ ಆಗಲೇ ಔಷಧಿ ಶುರು ಮಾಡಬಹುದಿತ್ತು."

ಮಾತ್ರೆ ಪುಡಿ ಮಾಡಿ ಹಾಲಿನಲ್ಲಿ ಕಲಸುವ ಕೆಲಸವನ್ನು ನಾನೇ ವಹಿಸಿಕೊಂಡೆ. ಒಂದು ದಿನ ತಡೆಯಲಾರದೆ, "ಅಂದು ನಾನು ನಿಜ ಹೇಳಬೇಕಿತ್ತು," ಎಂದೆ.

ತಂಗಿ ಮಗುವಿನ ಬಾಯಿ ಒರೆಸುತ್ತಿದ್ದಳು. "ನಾನೂ ಅಲ್ಲೇ ಇದ್ದೆ ಅಲ್ವಾ. ನಿನಗೆ ಬೈಗುಳ ಬೀಳುವುದು ಬೇಡ ಎಂದು ಸುಮ್ಮನಿದ್ದೆ."

ಸೊಸೆಯ ದೋಷದಿಂದ ಮೊಮ್ಮಗ ಕುರುಡನಾದ ಎಂದು ಅತ್ತೆ ಸಾಯುವವರೆಗೂ ಹೇಳಿಕೊಂಡು ತಿರುಗಿದರು. ನನ್ನೆದುರಿಗೂ ಹೇಳಿದರು. ಆಗಲೂ ನಾನು ಬಾಯಿ ತೆರೆಯಲಿಲ್ಲ.